ಹೊಳೆಯಾಚೆ ನಾನು ನರ್ಸಮ್ಮ

ಹರಿಗೋಲು

ಪರದೇಶಕ್ಕೆ ಹೋಗಿ ಬಂದವರೆಲ್ಲ ತಮ್ಮ ಕಥೆಯನ್ನು ಹಡಗಿನಿಂದ ಶುರು ಮಾಡುತ್ತಾರೆ. ನಮ್ಮದು ಹರಿಗೋಲು. ಸಮುದ್ರವೆಂದು ಹೇಳಿಕೊಳ್ಳಲಿಕ್ಕೆ ನಮಗೆ ಸಿಕ್ಕಿದ್ದು ತುಂಗಭದ್ರೆ, ಅದೂ ದಸರೆ ಕಳೆದು ತಣ್ಣಗಾಗಿದ್ದ ತುಂಗಭದ್ರೆ. ಆಚೆಯ ಗುಡ್ಡಗಳು ಹೊಸಪೇಟೆಯ ನಮ್ಮ ಮನೆಯ ಮಾಳಿಗೆಯಿಂದಲೇ ಕಾಣುತ್ತವೆ. ಆದರೂ ಪರದೇಶ ಪರದೇಶವೇ. ಇಲ್ಲಿ ಇಂಗ್ರೇಜಿಯವರ ರಾಜ್ಯ, ಅಲ್ಲಿ ನಿಜಾಮರದು. ನಾಣ್ಯ ಬೇರೆ, ಕಚೇರಿಯ ಭಾಷೆ ಬೇರೆ, ರಜೆಯ ವಾರ ಬೇರೆ. ಬಿಸಿಲೊಂದು ಮಾತ್ರ ಎರಡೂ ಸರಕಾರಗಳು ಕೂಡಿ ನಡೆಸುವ ವ್ಯವಹಾರದಂತೆ ಕಾಣುತ್ತದೆ.

ನಾನು ಹೊರಟಿದ್ದು ದೇಶ ನೋಡಲಿಕ್ಕಲ್ಲ. ನನ್ನ ತಂಗಿಯ ಮಗಳು ಸುಭದ್ರಾಳ ಜೊತೆಗೆಂದು. ಮದುವೆಯಾದ ಎರಡನೆಯ ವರ್ಷವೇ ಅವಳ ಗಂಡ ಪ್ಲೇಗಿನಲ್ಲಿ ಹೋದ. ತಂಗಿ ಧೈರ್ಯ ಮಾಡಿ ಹುಡುಗಿಯನ್ನು ಬಳ್ಳಾರಿ ಕಡೆಯ ಒಂದು ಮಿಶನ್ ಆಸ್ಪತ್ರೆಗೆ ಹಾಕಿದಳು. ನಾಲ್ಕು ವರ್ಷ ಕಲಿತು, ನರ್ಸ್ ಆಗಿ, ಹೆರಿಗೆ ಕೆಲಸವನ್ನೂ ಪಾಸು ಮಾಡಿ, ಮೊಹರು ಹಾಕಿದ ಸರ್ಟಿಫಿಕೇಟು ತೆಗೆದುಕೊಂಡು ಬಂದಳು. ಆಗ ಅವಳ ಭಾವನಿಗೆ, ತೀರಿಕೊಂಡ ಗಂಡನ ಅಣ್ಣನಿಗೆ, ಮನೆತನದ ಮಾನ ನೆನಪಾಯಿತು.

"ಹೊಳಿ ಈಚೆ ಎಲ್ಲೂ ಬ್ಯಾಡ. ನಮ್ಮ ಸೊಸಿ ಮಂದಿ ಬಾಣಂತನ ಮಾಡ್ತಾಳ ಅಂತ ಅನ್ನಿಸ್ಕೋಬಾರದು. ಬೇಕಾದ್ರ ಆಚೆ ಹೋಗಿ ಮಾಡ್ಲಿ. ಅಲ್ಲಿ ಕೆಲಸ ಸಿಗಲಿಲ್ಲಂದ್ರ ಸುಮ್ನ ಬಂದು ಅಡಿಗಿಮನಿ ಸೇರ್ಲಿ," ಎಂದರು.

ಮಾನಕ್ಕೆ ಈಜು ಬರುವುದಿಲ್ಲವೆಂದು ಕಾಣುತ್ತದೆ. ಪುಣ್ಯಕ್ಕೆ ಕುಷ್ಟಗಿಯ ದವಾಖಾನೆಗೆ ಹೆಂಗಸರನ್ನು ನೋಡಿಕೊಳ್ಳುವ ನರ್ಸು ಬೇಕಾಗಿದ್ದಳು. ಬರುವ ಸೋಮವಾರದೊಳಗೆ, ಆ ಕಡೆಯ ಸರಕಾರದ ಪರವಾನಿಗೆಯೊಂದಿಗೆ ಹಾಜರಾದರೆ ಕೆಲಸ ಸುಭದ್ರಾಳದು. ಇಲ್ಲವಾದರೆ ಭಾವನ ಮನೆಯ ಒಲೆ ಇದ್ದೇ ಇತ್ತು. ಹದಿನೆಂಟು ಜನರ ರೊಟ್ಟಿ ಬೇಯುವ ಒಲೆ ಅದು, ಅದಕ್ಕೆ ಯಾವ ಪರವಾನಿಗೆಯೂ ಬೇಡ.

ನಾಕಾ

ದಂಡೆ ಹತ್ತಿದ ಕೂಡಲೇ ಸುಂಕದ ನಾಕಾ. ಅಲ್ಲಿಯ ಜವಾನ ನನ್ನ ಬುತ್ತಿಯ ಗಂಟನ್ನು ಗೌರವದಿಂದ ಬಿಟ್ಟು, ಸುಭದ್ರಾಳ ತಗಡಿನ ಪೆಟ್ಟಿಗೆ ತೆಗೆಸಿದ. ಕತ್ತರಿ ನೋಡಿ ಹುಬ್ಬು ಏರಿಸಿದ. ಉಷ್ಣ ನೋಡುವ ಗಾಜಿನ ಕಡ್ಡಿಯನ್ನು ಬಿಸಿಲಿಗೆ ಹಿಡಿದು ನೋಡಿದ. ಕೊನೆಗೆ ಎನಿಮಾದ ಡಬ್ಬಿ, ಅದರ ರಬ್ಬರ್ ನಳಿಗೆ, ತುದಿಯ ಕೊಳವೆ, ಎಲ್ಲ ಹೊರಗೆ ಬಂತು.

"ಇದೇನ್ರಿ ಅವ್ವಾರ?"

ಸುಭದ್ರಾ ಸತ್ಯವಂತೆ, ಬಾಯಿ ತೆರೆದೇಬಿಟ್ಟಳು. ನಾನು ಅವಳ ಕಾಲು ತುಳಿದೆ. ಇಷ್ಟು ದೊಡ್ಡ ಮೀಸೆಯ ಗಂಡಸಿಗೆ ಆ ಡಬ್ಬಿಯ ಉಪಯೋಗವನ್ನು ಯಾವ ಬಾಯಿಂದ ಹೇಳುವುದು?

"ಹುಕ್ಕಾ," ಎಂದೆ.

"ಚಿಲುಮಿ ಎಲ್ಲೈತಿ?"

"ಒಡದೈತಿ."

"ಸೇದೋರು ಯಾರು?"

"ನಮ್ಮ ಮನಿಯವರು."

ಅವನು ಕೊಳವೆಯನ್ನು ಬಾಯಿಗಿಟ್ಟು ಒಮ್ಮೆ ಎಳೆದು ನೋಡಿದ. "ಎಳತ ಛಲೋ ಐತ್ರಿ," ಎಂದು ಮೆಚ್ಚಿ, ಹುಕ್ಕಾಕ್ಕೆ ಎಷ್ಟು ಸುಂಕವೋ ಅಷ್ಟು ತೆಗೆದುಕೊಂಡು ನಮ್ಮನ್ನು ಬಿಟ್ಟ. ಸುಭದ್ರಾ ಮುಖಕ್ಕೆ ಸೆರಗು ಮುಚ್ಚಿಕೊಂಡಿದ್ದಳು. ಅಳುತ್ತಿದ್ದಾಳೆಂದುಕೊಂಡೆ. ಗಂಗಾವತಿಯ ಗಾಡಿ ಹತ್ತುವವರೆಗೂ ಅವಳ ನಗೆ ನಿಲ್ಲಲಿಲ್ಲ. ಆ ಪ್ರವಾಸದಲ್ಲಿ ಅವಳು ನಕ್ಕಿದ್ದು ಅದೇ ಮೊದಲು. ಆಮೇಲೆ ಬಹಳ ದಿನ ಅವಳಿಗೆ ನಗುವ ಪುರಸತ್ತು ಸಿಗಲಿಲ್ಲ.

ಗಂಗಾವತಿ

ಗಂಗಾವತಿಯಲ್ಲಿ ಎಲ್ಲಿ ನೋಡಿದರೂ ಕಾಲುವೆಯ ನೀರು, ಭತ್ತದ ಹಸಿರು. ನಮ್ಮೂರಿನಂತೆಯೇ ಇದೆಯಲ್ಲ ಎಂದು ಸಮಾಧಾನಪಟ್ಟುಕೊಳ್ಳುವಷ್ಟರಲ್ಲಿ ಕಚೇರಿಯ ಬಾಗಿಲಿಗೆ ಬೀಗ ಕಂಡಿತು. ಅಂದು ಶುಕ್ರವಾರ. ಇಲ್ಲಿ ಶುಕ್ರವಾರ ರಜೆ, ರವಿವಾರ ಕೆಲಸ. ಇದು ಎಲ್ಲರಿಗೂ ಗೊತ್ತಿರುವ ಸಂಗತಿಯಂತೆ, ನಮ್ಮಿಬ್ಬರನ್ನು ಬಿಟ್ಟು. ಪರಿಚಯದ ಅಕ್ಕಿ ವ್ಯಾಪಾರಿಯೊಬ್ಬರ ಪಡಸಾಲೆಯಲ್ಲಿ ಒಂದು ದಿನ ಕಳೆದೆವು. ಅವರ ಮನೆಯಲ್ಲಿ ಸೊಸೆಯರು ಜಗಳವಾಡುವಾಗ ತೆಲುಗು, ರಾಜಿಯಾಗುವಾಗ ಕನ್ನಡ. ನಮ್ಮಲ್ಲಿ ಎರಡಕ್ಕೂ ಒಂದೇ ಭಾಷೆ, ಅದಕ್ಕೇ ರಾಜಿ ಯಾವುದು ಜಗಳ ಯಾವುದು ತಿಳಿಯುವುದಿಲ್ಲ.

ಮರುದಿನ ಕಚೇರಿಯಲ್ಲಿ ಕಾಗದಪತ್ರ ನೋಡುವ ಪೇಶಕಾರರು ಸರ್ಟಿಫಿಕೇಟನ್ನು ಮುಂದೆ ನೋಡಿದರು, ಹಿಂದೆ ನೋಡಿದರು, ಬಾಯೊಳಗಿನ ಎಲೆಯನ್ನು ಒಂದು ಬದಿಗೆ ಸರಿಸಿದರು.

"ಈ ಹುಡುಗಿ ಇನ್ನೂ ಪಾಸಾಗಿಲ್ಲಲ್ರಿ!"

"ಸರ್ಟಿಫಿಕೇಟು ನಿಮ್ಮ ಕೈಯಾಗ ಐತಲ್ರಿ," ಎಂದೆ.

"ಐತಿ. ಅದರಾಗ ಬರದ ಸನ್ ನೋಡ್ರಿ. ನಮ್ಮಲ್ಲಿ ಫಸಲಿ ಲೆಕ್ಕ. ಆ ಲೆಕ್ಕದಾಗ ಈ ವರ್ಷ ಬರಾಕ ಇನ್ನೂ ಐದಾರು ನೂರು ವರ್ಷ ಹೋಗ್ಬೇಕು."

"ಅಲ್ಲಿತನಾ ಕುಷ್ಟಗಿ ಬಸಿರೆಂಗಸರು ತಡಕೊಂಡು ಕುಂದರ್ಬೇಕೇನ್ರಿ?"

ಪಕ್ಕದ ಗುಮಾಸ್ತರೊಬ್ಬರು ನಕ್ಕರು. ಪೇಶಕಾರರು ನಗಲಿಲ್ಲ, ಆದರೆ ಸ್ವಲ್ಪ ಕರಗಿದರು. "ಅವ್ವಾರ, ಸಿಟ್ಟಾಗ್ಬ್ಯಾಡ್ರಿ. ಸನ್ ನಾವು ತಿದ್ದಿಕೋತೀವಿ. ಆದ್ರ ಕಲತೀನಿ ಅನ್ನಾಕ ಸರ್ಟಿಫಿಕೇಟು, ಮಾಡಬಹುದು ಅನ್ನಾಕ ಸನದು. ಆಚೆ ಸೀಮಿಯೊಳಗ ಕಲತೋರು ಇಲ್ಲಿ ಮತ್ತ ಪರೀಕ್ಷಾ ಕೊಟ್ಟು ಸನದು ತಗೋಬೇಕು."

"ಅಲ್ರೀ ಸಾಹೇಬ್ರ," ಎಂದಳು ಸುಭದ್ರಾ, ಮೆಲ್ಲಗೆ, "ಕೂಸು ಹುಟ್ಟೂ ದಾರಿ ಹೊಳಿ ಆಚೆ ಈಚೆ ಒಂದ ಅಲ್ಲೇನ್ರಿ?"

ಅವರು ಸನ್ ತಿದ್ದಲಿಕ್ಕೆಂದು ಸರ್ಟಿಫಿಕೇಟನ್ನು ತಮ್ಮ ಕಾಗದದ ಕಟ್ಟಿನೊಳಗೆ ಸೇರಿಸಿಕೊಂಡರು. ಪ್ರಶ್ನೆ ಅವರ ಇಲಾಖೆಗೆ ಸೇರಿದ್ದಲ್ಲವೇನೋ.

ನನಗೆ ಮಾತ್ರ ಇದು ಹೊಸದೆನ್ನಿಸಲಿಲ್ಲ. ಮದುವೆಯಾಗಿ ಬಂದಾಗ ನನ್ನ ಹೋಳಿಗೆಯನ್ನು ತವರಿನ ಓಣಿಯೆಲ್ಲ ಹೊಗಳುತ್ತಿತ್ತು. ಅತ್ತೆಯವರು ಅದನ್ನು ಬೆಳಕಿಗೆ ಹಿಡಿದು ನೋಡಿ, "ನಮ್ಮಲ್ಲಿ ಹಿಂಗ ಮಾಡೂದಿಲ್ಲ" ಎಂದು ಕಣಕ ನಾದುವುದರಿಂದ ಮತ್ತೆ ಕಲಿಸಿದರು. ಕಲಿಸಿದ ಮೇಲೆ ಆದದ್ದೂ ಅದೇ ಹೋಳಿಗೆ. ನಿಜಾಮರ ಸರಕಾರಕ್ಕೆ ನಮ್ಮ ಅತ್ತೆಯವರ ಪರಿಚಯವಿರಲಿಲ್ಲವೆಂದು ಮಾತ್ರ ಹೇಳಬಲ್ಲೆ.

ಪರೀಕ್ಷೆ ಮಾಡುವ ದೊಡ್ಡ ಡಾಕ್ಟರರು ಪ್ರವಾಸದ ಮೇಲಿದ್ದಾರೆ, ಈಗ ಕೊಪ್ಪಳದ ಬಂಗಲೆಯಲ್ಲಿ ಇಳಿದಿದ್ದಾರೆ, ನಾಳೆ ಸಂಜೆಯ ರೈಲು ಹತ್ತುತ್ತಾರೆ ಎಂದು ಗೊತ್ತಾಯಿತು. ಸಿಕ್ಕ ಬಸ್ಸು ಹತ್ತಿದೆವು. ಅದು ಹಿಟ್ನಾಳದಲ್ಲಿ ನಿಂತು, ಡ್ರೈವರು ಚಹಾ ಕುಡಿದು, ಕಂಡಕ್ಟರು ಚಹಾ ಕುಡಿದು, ಕೊನೆಗೆ ಬಸ್ಸಿಗೂ ನೀರು ಕುಡಿಸಿ ಹೊರಟಿತು. ಸುಭದ್ರಾ ದಾರಿಯುದ್ದಕ್ಕೂ ಪುಸ್ತಕ ತೆರೆದು ತುಟಿ ಅಲ್ಲಾಡಿಸುತ್ತಿದ್ದಳು. ಬಸ್ಸು ಎತ್ತಿ ಹಾಕಿದಾಗಲೆಲ್ಲ ಅವಳ ಬೆರಳು ಬೇರೆ ರೋಗದ ಮೇಲೆ ಹೋಗಿ ನಿಲ್ಲುತ್ತಿತ್ತು.

ಕೊಪ್ಪಳ

ದೊಡ್ಡ ಡಾಕ್ಟರರು ಬಹಳ ಮರ್ಯಾದಸ್ಥರು. ಅಷ್ಟು ಮರ್ಯಾದೆ ಇರದಿದ್ದರೆ ನಮ್ಮ ಕೆಲಸ ಸುಗಮವಾಗುತ್ತಿತ್ತು. ಪರಸ್ತ್ರೀಯರನ್ನು ಎದುರಿಗೆ ಕೂರಿಸಿ ಪ್ರಶ್ನೆ ಕೇಳುವುದು ಅವರ ರೀತಿಗೆ ಒಗ್ಗುವುದಿಲ್ಲವಂತೆ. ಬಂಗಲೆಯ ಬಾಗಿಲಿಗೆ ಗುಲಾಬಿ ಹೂವಿನ ಹಾಸಿಗೆವಸ್ತ್ರವೊಂದನ್ನು ಪರದೆ ಕಟ್ಟಿಸಿದರು. ಆಚೆ ಅವರು, ಅವರ ಗುಮಾಸ್ತ, ಜವಾನ. ಈಚೆ ಚಾಪೆಯ ಮೇಲೆ ನಾವಿಬ್ಬರು.

ಪ್ರಶ್ನೆ ಉರ್ದುವಿನಲ್ಲಿ ಬರುತ್ತಿತ್ತು. ಸುಭದ್ರಾಳಿಗೆ ಇಂಗ್ಲಿಷು ಗೊತ್ತು, ಉರ್ದು ಗೊತ್ತಿಲ್ಲ. ನನಗೆ ಇಂಗ್ಲಿಷು ಗೊತ್ತಿಲ್ಲ, ಆದರೆ ನಮ್ಮ ಓಣಿಗೆ ಬಳೆ ಮಾರಲು ಬರುವ ಬೀಬಿಯ ಜೊತೆ ಇಪ್ಪತ್ತು ವರ್ಷ ಚೌಕಾಸಿ ಮಾಡಿ ಕಲಿತ ಉರ್ದು ಇತ್ತು. ಸಾಲದ್ದಕ್ಕೆ, ಹಿರಿಯಳಾದ ನಾನು ಪಕ್ಕದಲ್ಲಿರುವಾಗ ಹರೆಯದ ಹುಡುಗಿ ಗಂಡಸರಿಗೆ ಕೇಳುವಂತೆ ದನಿ ತೆಗೆಯುವುದು ನಮ್ಮ ಮನೆತನದಲ್ಲಿಲ್ಲ. ಆದ್ದರಿಂದ ಪ್ರಶ್ನೆಯನ್ನು ನಾನು ಅವಳ ಕಿವಿಗೆ ಹೇಳುವುದು, ಅವಳು ನನ್ನ ಕಿವಿಗೆ ಉತ್ತರ ಹೇಳುವುದು, ಅದನ್ನು ನಾನು ಗಟ್ಟಿಯಾಗಿ ಪರದೆಗೆ ಹೇಳುವುದು, ಹೀಗೆ ನಡೆಯಿತು. ಹೆಣ್ಣು ನೋಡಲು ಬಂದವರಿಗೆ ಉತ್ತರ ಹೇಳುವ ರೀತಿಯೇ.

ಜ್ವರ ಏರಿದರೆ ಏನು ಮಾಡುತ್ತೀರಿ? ಹೇಳಿದೆ. ಹೊಕ್ಕುಳ ಬಳ್ಳಿಯನ್ನು ಹೇಗೆ ಕತ್ತರಿಸುತ್ತೀರಿ? ಕತ್ತರಿ ಕುದಿಸುವುದರಿಂದ ದಾರ ಬಿಗಿಯುವವರೆಗೆ ಹೇಳಿದೆ. ಹುಟ್ಟಿದ ಕೂಸು ಅಳದಿದ್ದರೆ? ಅದನ್ನೂ ಹೇಳಿದೆ.

"ಒಳಗೆ ಪಿಸುಗುಟ್ಟುವವರು ಯಾರು?" ಎಂದು ಪರದೆ ಕೇಳಿತು.

"ನನ್ನ ತಂಗಿ ಮಗಳ್ರಿ."

"ಅವಳೂ ಕೆಲಸಕ್ಕೆ ಬರುತ್ತಾಳೊ?"

"ಆಕಿ ಬರಲಿಲ್ಲಂದ್ರ ಕೆಲಸ ಹೆಂಗ ನಡೀತದ್ರಿ?" ಎಂದೆ. ಇಂಥ ಪ್ರಶ್ನೆಯೂ ಉಂಟೆ ಎಂದುಕೊಂಡೆ.

ಆಮೇಲೆ ಪರದೆಯ ಕೆಳಗಿನಿಂದ ಜವಾನನ ತೋಳು ಒಳಗೆ ಬಂತು. ಮುರಿದಿದೆಯೆಂದು ತಿಳಿದು ಕಟ್ಟು ಕಟ್ಟಬೇಕಂತೆ. ಸುಭದ್ರಾ ಬಟ್ಟೆಯ ಸುರುಳಿ ಬಿಚ್ಚಿ, ಮಣಿಕಟ್ಟಿನಿಂದ ಮೇಲಕ್ಕೆ ಒಂದರ ಮೇಲೊಂದು ಅರ್ಧರ್ಧ ಏರುವಂತೆ, ಜಡೆ ಹೆಣೆದ ಹಾಗೆ ಸುತ್ತಿದಳು. ನಾನು ಕಣ್ಣು ಬಿಡದೆ ನೋಡಿದೆ. ತೋಳು ಹೊರಗೆ ಹೋಯಿತು. "ವಾಹ್, ವಾಹ್!" ಎಂದು ಕೇಳಿಸಿತು.

"ಕೊನೆಯದು. ರಕ್ತ ಕಂಡರೆ ಹೆದರಿಕೆಯಾಗುತ್ತದೆಯೆ?"

ಇದನ್ನು ಕಿವಿಗೆ ಹೇಳುವ ನೆನಪೇ ಆಗಲಿಲ್ಲ. "ಭಾಳ ಆಗ್ತದ್ರಿ," ಎಂದುಬಿಟ್ಟೆ. ಬದನೆಕಾಯಿ ಹೆಚ್ಚುವಾಗ ಬೆರಳು ಕೊಯ್ದುಕೊಂಡರೂ ಗೋಡೆ ಹಿಡಿದು ಕೂರುವವಳು ನಾನು. ಆಚೆ ಡಾಕ್ಟರರು ಮನಸಾರೆ ನಕ್ಕರು. ಇಷ್ಟು ತಿಳಿದವರಲ್ಲಿ ಇಷ್ಟು ವಿನಯ ತಾವು ಕಂಡಿಲ್ಲವೆಂದು ಗುಮಾಸ್ತನಿಗೆ ಹೇಳಿದರು. ಗುಮಾಸ್ತ ನನ್ನ ಹೆಸರು ಕೇಳಿದ. ಜೊತೆಗೆ ಬಂದ ಹಿರಿಯರ ಹೆಸರು ಕೇಳುವುದು ಪದ್ಧತಿ. ನೀಲಮ್ಮ ಎಂದೆ. ತಂಗಿಯ ಮಗಳ ಹೆಸರು ಕೇಳಿದ. ಅದನ್ನೂ ಹೇಳಿದೆ. ಸ್ವಲ್ಪ ಹೊತ್ತಿಗೆ ಬಳ್ಳಿಯಂಥ ಅಕ್ಷರಗಳ, ದುಂಡು ಮೊಹರಿನ ಸನದು ಪರದೆಯ ಕೆಳಗಿನಿಂದ ಬಂತು. ಸುಭದ್ರಾ ಅದನ್ನು ಎರಡೂ ಕೈಯಲ್ಲಿ ಹಿಡಿದು, ಒಂದಕ್ಷರವೂ ತಿಳಿಯದೆ, ಕಣ್ಣು ತುಂಬಿಕೊಂಡಳು.

ಯಲಬುರ್ಗಾ

ಕುಷ್ಟಗಿಯ ದಾರಿಯಲ್ಲಿ ಸಿಗುವ ಯಲಬುರ್ಗಾದಲ್ಲಿ ನಮ್ಮ ಮನೆಯವರ ದೂರದ ನಂಟರು ಬಸಲಿಂಗಪ್ಪ ಮಾಸ್ತರರಿದ್ದಾರೆ. ಸಾಲೆಯಲ್ಲಿ ಉರ್ದು ಕಲಿಸಿ ಈಗ ಮನೆಯಲ್ಲಿ ಕೂತವರು. ರಾತ್ರಿಯ ಊಟಕ್ಕೆ ಮುಂಚೆ ಸನದನ್ನು ಅವರ ಕೈಗಿಟ್ಟೆವು. ಅವರು ಓದಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ಓದಿದರು.

"ನೀಲಮ್ಮಾರ, ನೀವು ಯಾವಾಗ ನರ್ಸ್ ಆದ್ರಿ?"

"ನಾ ಯಾಕ ಆಗ್ಲಿ?"

"ಸರಕಾರ ಮಾಡೈತಲ್ಲ! 'ನೀಲಮ್ಮ ಎಂಬ ಅನುಭವಸ್ಥ ನರ್ಸಿಗೆ ಕುಷ್ಟಗಿ ದವಾಖಾನೆಯೊಳಗ ಕೆಲಸ ಮಾಡಾಕ ಸನದು. ಆಕಿ ಮದದ್‌ಗಾರಳಾಗಿ, ಅಂದ್ರ ಕೈಯಾಳಾಗಿ, ಸುಭದ್ರಾ.' ಮತ್ತ ಇಲ್ಲಿ ಬರದಾರ, 'ಭಾಳ ವಿನಯವಂತೆ.'"

ಮಾಸ್ತರರ ಹೆಂಡತಿ ಗುರವ್ವ ರೊಟ್ಟಿ ತಟ್ಟುವುದನ್ನು ಬಿಟ್ಟು ಬಂದಳು. "ಅಯ್ಯ, ನೀಲಕ್ಕ! ಹೋದ ಸಲ ನಮ್ಮ ಕೂಸಿನ ಮೊಣಕಾಲು ತರಚಿದ್ದಕ್ಕ ನಿನಗ ನೀರು ಹೊಡದು ಎಬ್ಬಿಸಿದ್ವಿ!"

ಎಲ್ಲರೂ ನಕ್ಕರು, ಸುಭದ್ರಾಳೊಬ್ಬಳನ್ನು ಬಿಟ್ಟು. ಅವಳು ಸನದನ್ನು ಮಡಚಿ ನನ್ನ ಮಡಿಲಲ್ಲಿಟ್ಟು, "ನಾಲ್ಕು ವರ್ಷ, ದೊಡ್ಡವ್ವ," ಎಂದಳು, ಅಷ್ಟೆ. ನಾಲ್ಕು ವರ್ಷದ ಕಲಿಕೆ ಅವಳ ಕೈಯಲ್ಲಿತ್ತು, ಅದನ್ನು ಮಾಡುವ ಹಕ್ಕು ನನ್ನ ಮಡಿಲಲ್ಲಿತ್ತು.

ಕೊಪ್ಪಳಕ್ಕೆ ಹಿಂದಿರುಗೋಣವೆಂದೆ. ದೊಡ್ಡ ಡಾಕ್ಟರರ ರೈಲು ಆಗಲೇ ಹೋಗಿತ್ತು. ಇಲ್ಲಿಯ ಕಚೇರಿಯಲ್ಲಿ ತಿದ್ದಿಸೋಣವೆಂದೆ. ಮಾಸ್ತರರು ಕೈ ಆಡಿಸಿದರು. "ಇದು ಜಹಗೀರಿನ ಸೀಮಿರಿ. ಕೊಪ್ಪಳ, ಯಲಬುರ್ಗಾ ಜಹಗೀರು. ಗಂಗಾವತಿ, ಕುಷ್ಟಗಿ ಸರಕಾರದವು. ಸರಕಾರದ ಸನದು ಇಲ್ಲಿ ನಡೆಯೂದಿಲ್ಲ."

"ಕೊಪ್ಪಳದಾಗ ಕೊಟ್ಟಾರಲ್ರಿ!"

"ಕೊಟ್ಟಾರ. ಆದ್ರ ಕೊಪ್ಪಳದಾಗ ನಡೆಯೂದಿಲ್ಲ."

ಪರದೇಶದೊಳಗೆ ಇನ್ನೊಂದು ಪರದೇಶ! ಹಾಗಾದರೆ ಆ ರಾತ್ರಿ ನಾನು ನರ್ಸಲ್ಲ. ಹಾಯಾಗಿ ಮಲಗಿದೆ.

ಕುಷ್ಟಗಿ

ಸೋಮವಾರ ಕುಷ್ಟಗಿ ಮುಟ್ಟಿದೆವು. ದವಾಖಾನೆಯ ಡಾಕ್ಟರು ನರಸಿಂಗರಾಯರು ವಯಸ್ಸಾದವರು, ಸಜ್ಜನರು, ಬರೆದದ್ದನ್ನು ಬರೆದ ಹಾಗೆಯೇ ನಂಬುವವರು. ನಾನು ನಡೆದದ್ದನ್ನೆಲ್ಲ ಹೇಳಿದೆ. ಅವರು ಸಮಾಧಾನದಿಂದ ಕೇಳಿದರು.

"ತಾಯಿ, ನೀವು ಹೇಳೂದು ಖರೇನೇ ಇರಬಹುದು. ಮ್ಯಾಲೆ ಬರೀತೀನಿ. ತಿದ್ದಿ ಬರಲಿಕ್ಕೆ ತಿಂಗಳು ಹಿಡೀತಾವ. ಅಲ್ಲಿತನಕ ಜಾಗಾ ಖಾಲಿ ಅಂತ ತೋರಿಸಿದ್ರ ಬ್ಯಾರೆಯವರನ್ನ ಕಳಿಸ್ತಾರ."

"ಮತ್ತ ಹುಡುಗಿ ಗತಿ ಏನ್ರಿ?"

"ನೀವು ಹಾಜರಾದ್ರ ಅಕಿನೂ ಹಾಜರು. ನೀವು ಹೋದ್ರ ಅಕಿನೂ ಹೋದ್ಹಂಗ. ಕೈಯಾಳಿಗೆ ಕೈ ಬೇಕಲ್ಲ?"

ಅಷ್ಟರಲ್ಲಿ ಹನುಮಸಾಗರದ ಕಡೆಯಿಂದ ಒಂದು ಎತ್ತಿನ ಕೊಲ್ಲಾರಿ ಗಾಡಿ ಬಂತು. ಒಳಗೆ ನೋವು ತಿನ್ನುತ್ತಿದ್ದ ಚೊಚ್ಚಲ ಬಸುರಿ, ಪಕ್ಕದಲ್ಲಿ ಅವಳ ಅತ್ತೆ. ಊರ ಸೂಲಗಿತ್ತಿ ತನ್ನ ಕೈಲಾಗದೆಂದು ಕಳಿಸಿದ್ದಳಂತೆ. ಸುಭದ್ರಾ ಸೆರಗು ಸಿಕ್ಕಿಸಿ ಮುಂದೆ ನಡೆದಳು. ಬಾಗಿಲಲ್ಲಿದ್ದ ಜವಾನ ಕೈ ಅಡ್ಡ ಮಾಡಿದ. "ಮೊದ್ಲ ನರ್ಸಮ್ಮಾರು ಹೋಗ್ಲಿ."

ಹಾಗೆ ನಾನು ಮೊದಲು ಹೋದೆ. ಹೋಗಿ ಮಾಡಿದ್ದು ಇಷ್ಟು: ಆ ಹುಡುಗಿಯ ತಲೆಯ ಬಳಿ ಕೂತು, ಅವಳ ಕೈ ಹಿಡಿದು, ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡೆ. ಬೇರೇನೂ ತೋಚದೆ, ಮಾವಿನಕಾಯಿಗೆ ಉಪ್ಪು ಎಷ್ಟು, ಸಾಸಿವೆ ಯಾವಾಗ, ಎಣ್ಣೆ ಎಷ್ಟು ಆರಿರಬೇಕು ಎಂದು ನನ್ನ ಉಪ್ಪಿನಕಾಯಿಯನ್ನು ಮೊದಲಿನಿಂದ ಹೇಳತೊಡಗಿದೆ. ಅವಳು ನಡುನಡುವೆ ಚೀರಿ, "ಆಮ್ಯಾಲ?" ಎನ್ನುತ್ತಿದ್ದಳು. ಸುಭದ್ರಾಳ ದನಿ ಕೇಳುತ್ತಿತ್ತು. ಅದು ಪರದೆಯ ಹಿಂದಿನ ಪಿಸುದನಿಯಲ್ಲ. "ಈಗ ತಿಣಕು. ಈಗ ಬ್ಯಾಡ. ಉಸರು ಬಿಡು. ಹ್ಞಾಂ, ಈಗ!" ಹತ್ತು ಜನ ಸೊಸೆಯರನ್ನು ಆಳುವ ಅತ್ತೆಯ ದನಿ.

ಆಮೇಲೆ ಎಲ್ಲ ಸುಮ್ಮನಾಯಿತು. ಕೂಸು ಬಂದಿದೆಯೆಂದು ತಿಳಿಯಿತು, ಅಳು ಮಾತ್ರ ಇಲ್ಲ. ನನ್ನ ಉಪ್ಪಿನಕಾಯಿಯೂ ನಿಂತಿತು. ಕೊಪ್ಪಳದಲ್ಲಿ ಪರದೆಗೆ ಎಷ್ಟು ಗಟ್ಟಿಯಾಗಿ ಹೇಳಿದ್ದೆ, ಅಳದ ಕೂಸಿಗೆ ಏನು ಮಾಡಬೇಕೆಂದು! ಈಗ ಒಂದು ಮಾತೂ ನೆನಪಿಗೆ ಬರಲಿಲ್ಲ. ಬಟ್ಟೆಯ ಸದ್ದು, ಮೆತ್ತಗೆ ತಟ್ಟುವ ಸದ್ದು, ಸುಭದ್ರಾ ಬಗ್ಗಿ ಉಸಿರು ಊದುವ ಸದ್ದು. ಮತ್ತೆ ಊದಿದಳು. ಆಗ ಬೆಕ್ಕಿನಮರಿಯ ಹಾಗೆ ಒಂದು ಸಣ್ಣ ದನಿ, ಅದರ ಹಿಂದೆಯೇ ದವಾಖಾನೆಯ ಹೆಂಚು ಹಾರುವಂಥ ಅಳು.

ಹೊರಗೆ ಬಂದ ನನ್ನ ಕಾಲಿಗೆ ಆ ಅತ್ತೆ ಬಿದ್ದಳು. "ನಿಮ್ಮ ಕೈಗುಣ ದೊಡ್ಡದು ನರ್ಸಮ್ಮಾ!"

"ಮಾಡಿದಾಕಿ ನಾ ಅಲ್ಲವ್ವ, ಇಕಿ," ಎಂದು ಸುಭದ್ರಾಳನ್ನು ತೋರಿಸಿದೆ.

"ದೊಡ್ಡೋರು ಹಿಂಗ ಅಂತಾರ ಬಿಡ್ರಿ," ಎಂದಳು ಆಕೆ.

ವಿನಯವೆಂಬುದು ಒಮ್ಮೆ ಸನದಿನಲ್ಲಿ ದಾಖಲಾದ ಮೇಲೆ ಏನು ಹೇಳಿದರೂ ಅದಕ್ಕೇ ಜಮಾ ಆಗುತ್ತದೆ.

ಮತ್ತೆ ಕುಷ್ಟಗಿ

ಎಂಟು ದಿನಕ್ಕೆಂದು ಹೋದವಳು ಅಲ್ಲೇ ಉಳಿದೆ. ದಿನಾ ಮುಂಜಾನೆ ಹಾಜರಿ ಹಾಕಿ, ದವಾಖಾನೆಯ ಕಟ್ಟೆಯ ಮೇಲೆ ಬತ್ತಿ ಹೊಸೆಯುತ್ತ ಕೂರುವುದು ನನ್ನ ವೈದ್ಯಕೀಯ ಕೆಲಸ. ಒಳಗೆ ಸುಭದ್ರಾ. ಮೊದಮೊದಲು ಹೆಂಗಸರು ನನ್ನನ್ನು ಹುಡುಕಿಕೊಂಡು ಬರುತ್ತಿದ್ದರು. ಆಮೇಲೆ ನನ್ನನ್ನು ದಾಟಿಕೊಂಡು ಹೋಗತೊಡಗಿದರು. ಒಬ್ಬಳಂತೂ, "ಸ್ವಲ್ಪ ಸರೀರಿ ನರ್ಸಮ್ಮ, ಕೈಯಾಳಕ್ಕನ್ನ ನೋಡ್ಬೇಕು," ಎಂದಳು. ಅತ್ತ ಹೊಸಪೇಟೆಯಲ್ಲಿ ನಮ್ಮ ಮನೆಯವರು ಖಾನಾವಳಿಯ ಸಾರು ಕುಡಿದು, ನನಗೆ ದೊಡ್ಡ ನೌಕರಿ ಸಿಕ್ಕಿತೆಂದು ಓಣಿಯಲ್ಲಿ ಹೇಳಿಕೊಂಡು ತಿರುಗುತ್ತಿದ್ದರಂತೆ. ಸಾರಿನ ಸೇಡು.

ಬಿಳಿಜೋಳ ತೆನೆ ಹಿಡಿಯುವ ಹೊತ್ತಿಗೆ ಮೇಲಿನಿಂದ ಹುಕುಂ ಬಂತು. ನರಸಿಂಗರಾಯರು ಓದಿ ಹೇಳಿದರು. ಸರಕಾರದಿಂದ ತಪ್ಪಾಗಿಲ್ಲ. ಆದರೂ ಸನದುಳ್ಳ ನರ್ಸ್ ನೀಲಮ್ಮನವರು ತಮ್ಮ ಕೈಯಾಳನ್ನು ಸ್ವತಃ ಪರೀಕ್ಷೆ ಮಾಡಿ, ಯೋಗ್ಯಳೆಂದು ಕಂಡರೆ ತಮ್ಮ ಜಾಗವನ್ನು ಅವಳಿಗೆ ಬಿಟ್ಟುಕೊಡಬಹುದು.

ಪರೀಕ್ಷೆ ಅದೇ ದಿನ ನಡೆಯಿತು. ನನಗೆ ಗೊತ್ತಿದ್ದ ಮೂರೇ ಪ್ರಶ್ನೆಗಳನ್ನು ಕೇಳಿದೆ. ರಾಯರ ಎದುರೇ, ಪರದೆಯಿಲ್ಲದೆ, ಗಟ್ಟಿ ದನಿಯಲ್ಲಿ ಸುಭದ್ರಾ ಉತ್ತರ ಹೇಳಿದಳು. ನಾಲ್ಕನೆಯದು ಉಳಿದಿತ್ತು.

"ರಕ್ತ ಕಂಡ್ರ ಹೆದರಿಕಿ ಆಗ್ತದೇನು?"

"ಆಗ್ತದ, ದೊಡ್ಡವ್ವ. ಕೆಲಸ ಮುಗದ ಮ್ಯಾಲ ಆಗ್ತದ."

ಪಾಸು ಎಂದೆ. ನಾನು ಸಹಿ ಹಾಕಿದೆ, ಅದರ ಕೆಳಗೆ ಅವಳು ಹಾಕಿದಳು.

ಹೊಳೆ

ಬರುವಾಗ ಒಬ್ಬಳೇ. ನಾಕಾದ ಜವಾನ ಗುರುತು ಹಿಡಿದು, "ಹುಕ್ಕಾ ಎಲ್ರಿ?" ಎಂದ. ಕುಷ್ಟಗಿಯಲ್ಲಿ ಬಹಳ ಜನರಿಗೆ ಉಪಯೋಗಕ್ಕೆ ಬರುತ್ತಿದೆ, ಅಲ್ಲೇ ಬಿಟ್ಟು ಬಂದೆ ಎಂದೆ. ನಾನು ನರ್ಸೆಂಬ ಸುದ್ದಿ ಅಲ್ಲಿಯವರೆಗೂ ಬಂದಿತ್ತು. ಹರಿಗೋಲಿನ ಮುದುಕ ನಡುಹೊಳೆಯಲ್ಲಿ ಹುಟ್ಟು ನಿಲ್ಲಿಸಿ ಅಂಗೈ ಚಾಚಿದ. ಬಂಡೆಗೆ ಸಿಕ್ಕು ಸೀಳಿತ್ತು, ರಕ್ತ ಇಳಿಯುತ್ತಿತ್ತು.

"ನೋಡ್ರಿ ನರ್ಸಮ್ಮಾ."

ನೋಡಲಿಲ್ಲ. "ದಂಡಿ ಎಷ್ಟು ದೂರ ಐತಪ್ಪಾ?"

"ಇನ್ನೂ ಅರ್ಧ ಹೊಳಿ ಐತ್ರಿ."

ಇನ್ನೂ ಅರ್ಧ ಹೊಳೆ ನಾನು ನರ್ಸೇ. ಬುತ್ತಿ ಕಟ್ಟಿದ್ದ ಬಟ್ಟೆ ಸೀಳಿದೆ, ಒಂದು ಕಣ್ಣು ಮುಚ್ಚಿ, ಮಣಿಕಟ್ಟಿನಿಂದ ಶುರು ಮಾಡಿ ಅಂಗೈಯ ಮೇಲೆ ಅರ್ಧರ್ಧ ಏರಿಸುತ್ತ ಜಡೆ ಹೆಣೆದ ಹಾಗೆ ಸುತ್ತಿದೆ. ಗಂಟು ಹಾಕಿದ ಮೇಲೆ ಹರಿಗೋಲಿನ ಅಂಚು ಹಿಡಿದು ಕೂತೆ. ಹೆದರಿಕೆ, ಸುಭದ್ರಾ ಹೇಳಿದ ಹಾಗೆ, ಆಮೇಲೆಯೇ ಬಂತು.

ಈಚೆ ದಂಡೆಗಿಳಿದು ಹತ್ತು ಹೆಜ್ಜೆ ಹೋಗಿರಲಿಲ್ಲ, ಮುದುಕ ಕೂಗಿದ. "ನರ್ಸಮ್ಮಾ, ಕಟ್ಟು ಸಡ್ಲಾಗೈತ್ರಿ! ಒಂದೀಟು ಬಿಗಿ ಮಾಡಿ ಹೋಗ್ರಿ!"

"ಅದಕ್ಕ ಆಚೆ ದಂಡಿಗೆ ಹೋಗ್ಬೇಕಪ್ಪಾ," ಎಂದೆ. "ಇದು ಇಂಗ್ರೇಜಿ ಸೀಮಿ. ಇಲ್ಲಿ ನನಗ ಪರವಾನಿಗಿ ಇಲ್ಲ."